ವ್ಯಸನ

'ವಿ' ಉಪಸರ್ಗಕ್ಕೆ 'ಎಸೆ' ಎಂಬರ್ಥದ ಸಂಸ್ಕೃತ ಧಾತು 'ಅಸ್' ಸೇರಿ ಆದ ಪದ. ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ನೆರೆ, ಬರಗಳೂ ವ್ಯಸನ. ದೊರೆಯ ಜೂಜು, ಕುಡಿತಗಳೂ ವ್ಯಸನ. ಜೈನರ ಸಪ್ತವ್ಯಸನಗಳಲ್ಲಿ ಬೇಟೆ, ಕಳ್ಳತನಗಳೂ ಉಂಟು. 'ವ್ಯಸನ ಪಡಬೇಡಿ' ಎನ್ನುವಾಗ ಅದು ಬರೀ ದುಃಖ.

ಇಷ್ಟು ಹೊರೆ ಹೊತ್ತ ಪದವನ್ನು ಔಷಧ ನುಂಗುವವರ ಮೇಲೂ ಹೇರುವುದು ತಪ್ಪು. ಕ್ಯಾನ್ಸರ್ ನೋವಿಗೆ ತಿಂಗಳುಗಟ್ಟಲೆ ಮಾರ್ಫಿನ್ ತೆಗೆದುಕೊಂಡವರ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ತಟ್ಟನೆ ನಿಲ್ಲಿಸಿದರೆ ಬೆವರು, ಆಕಳಿಕೆ, ಮೂಗು ಸೋರುವುದು, ಭೇದಿ. ಇದು ದೈಹಿಕ ಅವಲಂಬನೆ, ಅಷ್ಟೆ. ಖಿನ್ನತೆಯ ಎಷ್ಟೋ ಮಾತ್ರೆಗಳನ್ನು ದಿಢೀರನೆ ಬಿಟ್ಟರೂ ತಲೆಸುತ್ತು ಬರುತ್ತದೆ. ಹಾಗೆಂದು ಅವಕ್ಕಾಗಿ ಯಾರೂ ಮನೆಮಠ ಮಾರುವುದಿಲ್ಲ. ವ್ಯಸನದ ಗುರುತೇ ಬೇರೆ: ಕೆಲಸ, ಸಂಸಾರ ಹಾಳಾಗುತ್ತಿದ್ದರೂ ಹಂಬಲ ಬಿಡದು, ಕೈ ತಡೆಯದು. ಇಸ್ಪೀಟಿನ ಚಟಕ್ಕಂತೂ ಹೊಟ್ಟೆಗಿಳಿಯುವ ವಸ್ತುವೇ ಬೇಕಿಲ್ಲ.

ಅಮೆರಿಕದ ಮನೋವೈದ್ಯರ ಕೈಪಿಡಿಯ 1987ರ ಆವೃತ್ತಿ ವ್ಯಸನವನ್ನೂ 'ಅವಲಂಬನೆ' ಎಂದೇ ಕರೆದು ಗೊಂದಲ ಬೆಳೆಸಿತ್ತು. 2013ರಲ್ಲಿ ಆ ಹೆಸರು ಹೋಯಿತು. ವೈದ್ಯರು ಹೇಳಿದಂತೆ ಔಷಧ ಸೇವಿಸುವವರಲ್ಲಿ ಕಾಣುವ ದೈಹಿಕ ಅವಲಂಬನೆಯ ಲಕ್ಷಣಗಳನ್ನು ವ್ಯಸನದ ಲೆಕ್ಕಕ್ಕೆ ಹಿಡಿಯಬಾರದೆಂದೂ ಆಯಿತು.

ಚಟವಾದೀತೆಂದು ಹೆದರಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೆಲ್ಲಮೆಲ್ಲನೆ ಇಳಿಸುವ ದಾರಿಯನ್ನು ವೈದ್ಯರಲ್ಲಿ ಕೇಳಿ.