ಕಣ್ಣೊಳಗಿನ ಹರಳು

ನಾನು ಹುಟ್ಟಿ ಬೆಳೆದ ಮೋರಟಗಿ ಸಿಂದಗಿ ತಾಲ್ಲೂಕಿನ ಎರೆಭೂಮಿಯ ಊರು. ಕಣ್ಣಿನ ಬೇನೆಗಳು ಎರಡೇ ಎಂಬುದು ಅಲ್ಲಿಯ ಹಿರಿಯರ ಲೆಕ್ಕ: ಒಂದು, ಕಣ್ಣು ಬರುವುದು, ಇನ್ನೊಂದು, ಪೊರೆ ಬೆಳೆಯುವುದು. ಮೊದಲನೆಯದು ತಾನಾಗಿ ಹೋಗುತ್ತಿತ್ತು. ಎರಡನೆಯದಕ್ಕೆ ಶಿಬಿರವೇ ಗತಿ. ನಮ್ಮ ಅಜ್ಜಿ ಹಾಗೆ ಹೋಗಿ, ಹಸಿರು ಬಟ್ಟೆ ಕಟ್ಟಿಸಿಕೊಂಡು ಬಂದು, ಮುಂದೆ ದಪ್ಪ ಗಾಜಿನ ಚಷ್ಮಾ ಹಾಕಿಕೊಂಡು ಜೋಳ ಹಸನು ಮಾಡುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇಂಥ ಶಿಬಿರಗಳನ್ನು ದೇಶಕ್ಕೆಲ್ಲ ಪರಿಚಯಿಸಿದ ಡಾ. ಎಂ. ಸಿ. ಮೋದಿಯವರು ನಮ್ಮ ಹಳೆಯ ವಿಜಾಪುರ ಜಿಲ್ಲೆಯ ಬೀಳಗಿಯವರೇ. 1943ರಿಂದ ಹಳ್ಳಿಹಳ್ಳಿ ತಿರುಗಿದ ಅವರು ಒಂದೇ ದಿನ 833 ಪೊರೆಗಳನ್ನು ತೆಗೆದದ್ದು ದಾಖಲೆಯಾಗಿದೆ. 2005ರಲ್ಲಿ ಅವರು ತೀರಿಕೊಂಡರು.

ಪೊರೆಯೇನೋ ಕಣ್ಣಿನ ತಲೆಬಾಗಿಲಲ್ಲಿರುವ ರೋಗ. ಬಲಿತರೆ ಬರಿಗಣ್ಣಿಗೂ ಬೆಳ್ಳಗೆ ಕಾಣುವಂಥದು. ನಾನು ಹೇಳಹೊರಟಿರುವುದು ಕಣ್ಣಿನ ಹಿತ್ತಿಲಲ್ಲಿ ಅಡಗಿರುವ ಒಂದು ಸಂಗತಿಯನ್ನು ಕುರಿತು. ಅದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಊರಿನಿಂದ ನನ್ನ ಅಣ್ಣನ ಮಗ ಫೋನು ಮಾಡಿದ. "ಕಾಕಾ, ಹುಡುಗಿಗೆ ತಲಿ ನೋವಂತ ಕಣ್ಣು ತೋರಿಸಿದ್ವಿರಿ. ಕಣ್ಣಿನ ನರ ಬಾತೈತಿ, ತಲಿಯಾಗ ಗಡ್ಡಿ ಇರಬಹುದು ಅಂತಾರ್ರಿ" ಎಂದ. ಹುಡುಗಿಗೆ ಹದಿನಾಲ್ಕು ವರ್ಷ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಈ ಭಯಕ್ಕೆ ಒಂದು ಚರಿತ್ರೆಯುಂಟು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗನ್ನು ನೋಡುವ ದರ್ಶಕವನ್ನು ಲೋಕದ ಮುಂದಿಟ್ಟ. ಅಲ್ಲಿಯವರೆಗೆ ಜೀವಂತ ಮನುಷ್ಯನ ಕಣ್ಣಿನ ಪಾಪೆ ವೈದ್ಯರಿಗೆ ಬರಿಯ ಕಪ್ಪು ಕಿಂಡಿಯಾಗಿತ್ತು. ಈಗ ಅದರಾಚೆ, ಹತ್ತು ಲಕ್ಷಕ್ಕೂ ಮೀರಿದ ಎಳೆಗಳು ಒಂದುಗೂಡಿ ಮಿದುಳಿನತ್ತ ಹೊರಡುವ ನೇತ್ರನರದ ಮುಖ ಕಂಡಿತು. ಅದರ ಅಡ್ಡಳತೆ ಸುಮಾರು ಒಂದೂವರೆ ಮಿಲಿಮೀಟರು ಮಾತ್ರ. 1860ರಲ್ಲಿ ಬರ್ಲಿನ್ನಿನ ಫಾನ್ ಗ್ರೇಫ಼ೆ, ಮಿದುಳಿನಲ್ಲಿ ಗಡ್ಡೆಯಿರುವವರಲ್ಲಿ ಈ ನರದ ಮುಖ ಬಾತುಕೊಳ್ಳುತ್ತದೆಂದು ವಿವರಿಸಿದ. ಅಂದಿನಿಂದ ಬಾತ ನರವೆಂದರೆ ವೈದ್ಯರ ಎದೆ ಝಲ್ಲೆನ್ನುವುದು ಸಹಜವೇ ಆಯಿತು.

ಆದರೆ ಬಾತಂತೆ ಕಾಣುವುದೆಲ್ಲ ಬಾವಲ್ಲ. ಅದಕ್ಕೂ ಎರಡು ವರ್ಷ ಮೊದಲೇ, 1858ರಲ್ಲಿ, ಹೈನ್ರಿಕ್ ಮ್ಯೂಲರ್ ಸೂಕ್ಷ್ಮದರ್ಶಕದಡಿಯಲ್ಲಿ ನೇತ್ರನರದ ತಲೆಯೊಳಗೆ ಸಣ್ಣ ಸಣ್ಣ ಗಟ್ಟಿ ಉಂಡೆಗಳನ್ನು ಕಂಡಿದ್ದ. ಬದುಕಿರುವ ರೋಗಿಯ ಕಣ್ಣಿನಲ್ಲಿ ಅವನ್ನು 1868ರಲ್ಲಿ ಲೀಬ್‌ರೈಖ್ ವರ್ಣಿಸಿದ. ಇವಕ್ಕೆ 'ಡ್ರೂಸೆನ್' ಎಂದು ಹೆಸರು. ಭಾಷೆಯ ಮೇಷ್ಟ್ರಾದ ನನಗೆ ಈ ಶಬ್ದದ ಮೇಲೆ ಮೋಹ: ಬಂಡೆಯ ಪೊಳ್ಳಿನಲ್ಲಿ ಮಿನುಗುವ ಹರಳಿನ ಗೊಂಚಲಿಗೆ ಜರ್ಮನರಲ್ಲಿ ಈ ಹೆಸರಿದೆ. ನಮ್ಮಲ್ಲಿ ಉಪ್ಪಿಗೂ ಉಂಗುರಕ್ಕೂ ಮೂತ್ರಪಿಂಡಕ್ಕೂ ಸಲ್ಲುವ 'ಹರಳು' ಇಲ್ಲಿಗೂ ಸಲ್ಲಬಾರದೇಕೆ? ವೃದ್ಧರ ಅಕ್ಷಿಪಟದಲ್ಲಿ ಮೂಡುವ ಹಳದಿ ಚುಕ್ಕೆಗಳನ್ನೂ ಡ್ರೂಸೆನ್ ಎಂದೇ ಕರೆದು ವೈದ್ಯರು ಗೊಂದಲ ಮಾಡಿಟ್ಟಿದ್ದಾರೆ. ಅದು ಬೇರೆ, ಇದು ಬೇರೆ.

ನರದ ಈ ಹರಳು ಪ್ರೋಟೀನಿನದು, ಕ್ರಮೇಣ ಸುಣ್ಣಗಟ್ಟುತ್ತದೆ. ಬಾಲ್ಯದಲ್ಲಿ ಆಳದಲ್ಲಿ ಹುದುಗಿದ್ದು ನರದ ಮುಖವನ್ನು ಮೇಲಕ್ಕೆ ನೂಕುತ್ತದೆ, ಆಗಲೇ ಮೋಸವಾಗುವುದು. ಹರೆಯದ ಹೊತ್ತಿಗೆ ಮೆಲ್ಲಗೆ ಹೊರಗೆ ಇಣುಕುತ್ತದೆ. ಹೆಚ್ಚಿನವರಲ್ಲಿ ಎರಡೂ ಕಣ್ಣುಗಳಲ್ಲಿರುತ್ತದೆ. ಎಷ್ಟು ಜನರಿಗೆ ಎಂದರೆ, ಉತ್ತರ ನೋಡುವವನನ್ನು ಅವಲಂಬಿಸಿದೆ. 1966ರಲ್ಲಿ ಲೊರೆಂಟ್ಸೆನ್ 3,200 ನೇತ್ರರೋಗಿಗಳನ್ನು ಪರೀಕ್ಷಿಸಿ ಸಾವಿರಕ್ಕೆ ಮೂರು ನಾಲ್ಕು ಜನರಲ್ಲಿ ಕಂಡ. ಸತ್ತವರ ಕಣ್ಣುಗಳನ್ನು ಸೀಳಿ ನೋಡಿದವರಿಗೋ ನೂರಕ್ಕೆ ಎರಡರವರೆಗೂ ಸಿಕ್ಕಿದವು. ಎಂದರೆ, ಹರಳನ್ನು ಹೊತ್ತವರು ಬಹುಮಂದಿ ಅದರ ಸುದ್ದಿಯೇ ಇಲ್ಲದೆ ಬಾಳಿ ಹೋಗುತ್ತಾರೆ. ಇಂಥವರ ಬಂಧುಗಳಲ್ಲಿ ಅದು ಹತ್ತು ಪಟ್ಟು ಹೆಚ್ಚೆಂಬುದನ್ನೂ ಲೊರೆಂಟ್ಸೆನ್ ತೋರಿಸಿದ. ಈ ಮಾತು ನಮ್ಮ ಮನೆಗೇ ಅನ್ವಯಿಸೀತೆಂದು ಆಗ ನನಗೆಲ್ಲಿ ಗೊತ್ತು?

ಹುಡುಗಿಯನ್ನು ಕರೆದುಕೊಂಡು ದೊಡ್ಡ ಊರಿಗೆ ಹೋದೆವು. ಬಸುರಿಯರ ಹೊಟ್ಟೆಯನ್ನು ನೋಡುವಂಥದೇ ಧ್ವನಿತರಂಗದ ಯಂತ್ರವನ್ನು ಮುಚ್ಚಿದ ರೆಪ್ಪೆಯ ಮೇಲಿಟ್ಟರು. ಸುಣ್ಣಕ್ಕೆ ತಾಗಿದ ಧ್ವನಿ ಜೋರಾಗಿ ಮರಳುತ್ತದೆ. ಯಂತ್ರದ ಶಕ್ತಿಯನ್ನು ತಗ್ಗಿಸಿದಾಗ ಸುತ್ತಲಿನದೆಲ್ಲ ಮಸುಕಾಗಿ, ಹರಳು ಮಾತ್ರ ಬೆಳ್ಳಗೆ ಉಳಿಯುತ್ತದೆ. ಪರದೆಯ ಮೇಲೆ ಎರಡು ಬಿಳಿ ಚುಕ್ಕೆಗಳು ನಿಂತವು. ತಲೆಯ ಚಿತ್ರದಲ್ಲಿ ಗಡ್ಡೆಯಿರಲಿಲ್ಲ. ತಲೆನೋವು ಬೇರೆಯೇ ಕಾರಣದ್ದು, ಚಷ್ಮಾ ಬಂದ ಮೇಲೆ ಇಳಿಯಿತು.

ಹರಳನ್ನು ಕರಗಿಸುವ ಮದ್ದಿಲ್ಲ. ನಟ್ಟನೋಟ ಬಹುಪಾಲು ಚೆನ್ನಾಗಿಯೇ ಉಳಿಯುತ್ತದೆ. ಆದರೆ ವಯಸ್ಸಾದಂತೆ ಅಂಚಿನ ನೋಟ, ಅದರಲ್ಲೂ ಕೆಳಭಾಗದ್ದು, ಸದ್ದಿಲ್ಲದೆ ಸವೆಯುವುದುಂಟು. ಅಪರೂಪಕ್ಕೆ ರಕ್ತ ಕಟ್ಟಿ ದೃಷ್ಟಿ ತಟ್ಟನೆ ಕುಂದುವುದೂ ಉಂಟು. ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುವ ಪರೀಕ್ಷೆಯಲ್ಲಿ ಅಂಚಿನ ಈ ಸವೆತ ಸಿಕ್ಕುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಅಂಚಿನ ನೋಟವನ್ನೂ ಕಣ್ಣಿನ ಒತ್ತಡವನ್ನೂ ಅಳೆಸಬೇಕೆಂದು ವೈದ್ಯರು ಹೇಳಿದರು. ಮನೆತನದ ಗುಣವಾದುದರಿಂದ, ಬಂದವರು ಬಂದೇ ಇದ್ದೀರಿ ಎಂದು ತಂದೆಯನ್ನೂ ಯಂತ್ರದ ಮುಂದೆ ಕೂರಿಸಿದರು.

ಅವನ ಕಣ್ಣುಗಳಲ್ಲೂ ಹರಳಿತ್ತು. ಅಂಚಿನ ನೋಟದ ನಕ್ಷೆಯ ಕೆಳಗಡೆ ಒಂದು ಕರಿಯ ಕಮಾನು ಮೂಡಿತ್ತು. ಆ ಕಾಗದವನ್ನು ಬಹಳ ಹೊತ್ತು ಹಿಡಿದು ನೋಡಿ, "ಹೊಲದಾಗ ಒಡ್ಡು ದಾಟುವಾಗ ಎಡವತಿದ್ನಲ್ರಿ ಕಾಕಾ, ಕುಡದಾನೇನೋ ಅಂತ ಅಪ್ಪ ಬೈತಿದ್ರು. ಇದಕ್ಕೇ ಏನ್ರಿ ಅದು?" ಎಂದು ಕೇಳಿದ.