ಸಹಿ ಹಾಕದೆ ಆಡಿದ ಒಂದು ವರ್ಷ

ನಮ್ಮ ಫೀಲ್ಡಿನಲ್ಲಿ ‘ನೋಟಿಸ್ ಪೀರಿಯಡ್’ ಅನ್ನೋ ಪದ ಕೇಳದವರಿಲ್ಲ. ರಾಜೀನಾಮೆ ಕೊಟ್ಟ ಮೇಲೂ 90 ದಿನ ಅದೇ ಕುರ್ಚಿ, ಅದೇ ಮೀಟಿಂಗು, ಅದೇ ಮ್ಯಾನೇಜರ್ ಮುಖ. ನಾನು ಮೊದಲ ಸಲ ಪೇಪರ್ ಹಾಕಿದಾಗ ಊರಿಂದ ಅಪ್ಪ ಫೋನ್ ಮಾಡಿ, “ಕೈಲಿರೋ ಕೆಲ್ಸ ಯಾಕೋ ಬಿಡ್ತೀಯಾ?” ಅಂದಿದ್ರು. ನಿದ್ದೆ ಬಾರದ ಆ ರಾತ್ರಿಗಳಲ್ಲಿ ಏನೇನೋ ಓದ್ತಾ ಇದ್ದಾಗ ಸಿಕ್ಕ ಹೆಸರು ಬಡ್ ಗ್ರಾಂಟ್.

ಗ್ರಾಂಟ್ ಹುಟ್ಟಿದ್ದು 1927ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸುಪೀರಿಯರ್ ಅನ್ನೋ ಊರಲ್ಲಿ. ಅಪ್ಪ ಅಗ್ನಿಶಾಮಕ ದಳದಲ್ಲಿದ್ದರು. ಹುಡುಗನಿಗೆ ಚಿಕ್ಕಂದಿನಲ್ಲೇ ಪೋಲಿಯೊ. ಕಾಲಿಗೆ ಬಲ ಬರಲಿ, ಆಟ ಆಡಿಸಿ ಅಂದರು ಡಾಕ್ಟರು. ಆ ಕಾಲಲ್ಲೇ ಆತ ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಬೇಸ್‌ಬಾಲ್ ಮೂರನ್ನೂ ಆಡಿದ. ಫುಟ್‌ಬಾಲ್ ಅಂದ್ರೆ ನಮ್ಮ ಫುಟ್‌ಬಾಲ್ ಅಲ್ಲ ಮತ್ತೆ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ.

ವೃತ್ತಿಪರನಾಗಿ ಮೊದಲು ಸೇರಿದ್ದು ಬಾಸ್ಕೆಟ್‌ಬಾಲ್ ತಂಡ ಲೇಕರ್ಸ್‌ಗೆ. ಈಗ ಲಾಸ್ ಏಂಜಲೀಸಿನಲ್ಲಿರುವ ಆ ತಂಡ ಆಗ ಇದ್ದದ್ದು ಮಿನಿಯಾಪೊಲಿಸ್‌ನಲ್ಲಿ. 1950ರಲ್ಲಿ ಲೇಕರ್ಸ್ ಎನ್‌ಬಿಎ ಚಾಂಪಿಯನ್. ತಂಡದ ತಾರೆ ಜಾರ್ಜ್ ಮೈಕನ್. ಗ್ರಾಂಟ್ ಬೆಂಚಿನ ಆಟಗಾರ, ಪಂದ್ಯಕ್ಕೆ ಸರಾಸರಿ ಮೂರು ಪಾಯಿಂಟೂ ಇಲ್ಲ.

ಅದೇ 1950ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಎಂಬ ಫುಟ್‌ಬಾಲ್ ತಂಡ ಡ್ರಾಫ್ಟಿನ ಮೊದಲ ಸುತ್ತಿನಲ್ಲೇ ಆತನನ್ನು ಆರಿಸಿತು. ಡ್ರಾಫ್ಟ್ ಅಂದ್ರೆ ತಂಡ ನಿಮ್ಮನ್ನು ಆರಿಸುತ್ತೆ, ನೀವು ತಂಡವನ್ನಲ್ಲ. ಗ್ರಾಂಟ್ ಇನ್ನೊಂದು ಸೀಸನ್ ಲೇಕರ್ಸ್‌ನಲ್ಲೇ ಇದ್ದು, 1951ರಲ್ಲಿ ಈಗಲ್ಸ್ ಸೇರಿದ. ಮೊದಲ ವರ್ಷ ರಕ್ಷಣೆಯಲ್ಲಿ ಆಡಿಸಿದರು. ಮರುವರ್ಷ ಚೆಂಡು ಹಿಡಿಯುವ ರಿಸೀವರ್ ಜಾಗ. 56 ಕ್ಯಾಚ್, 997 ಗಜ. ಗಜಗಳ ಲೆಕ್ಕದಲ್ಲಿ ಇಡೀ ಎನ್‌ಎಫ್‌ಎಲ್‌ನಲ್ಲೇ ಎರಡನೆಯವನು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಂಕಿಗಳಲ್ಲ. ಆ ವರ್ಷ ಆತ ಹೊಸ ಕರಾರಿಗೆ ಸಹಿಯನ್ನೇ ಹಾಕಿರಲಿಲ್ಲ! ಆಗಿನ ಕರಾರುಗಳಲ್ಲಿ ಒಂದು ‘ಆಪ್ಷನ್’ ಕಲಮು ಇರುತ್ತಿತ್ತು. ಅವಧಿ ಮುಗಿದ ಮೇಲೂ ಆಟಗಾರನನ್ನು ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳುವ ಹಕ್ಕು ತಂಡದ್ದು. ಸಹಿ ಹಾಕಿದರೆ ಕೊಂಡಿ ಮತ್ತೆ ಬಿಗಿಯಾಗುತ್ತೆ. ಹಾಕದೆ ಆ ಒಂದು ವರ್ಷ ಆಡಿ ಮುಗಿಸಿದರೆ ಬಿಡುಗಡೆ. ಹಾಗೆ ಮಾಡಿ ಎನ್‌ಎಫ್‌ಎಲ್ ಬಿಟ್ಟು ಹೋದ ಮೊದಲ ಆಟಗಾರ ಗ್ರಾಂಟ್ ಅಂತಾರೆ. ಅರ್ಥ ಆಯ್ತಲ್ಲ? ಆತನ ಬದುಕಿನ ಅತ್ಯುತ್ತಮ ಸೀಸನ್ನು ನೋಟಿಸ್ ಪೀರಿಯಡ್‌ನಲ್ಲಿ ಬಂದದ್ದು. ನಾವಾದ್ರೆ ಆ ದಿನಗಳಲ್ಲಿ ಕ್ಯಾಂಟೀನಲ್ಲೇ ಇರ್ತೀವಿ.

1953ರಲ್ಲಿ ಹೆಚ್ಚು ಸಂಬಳಕ್ಕೆ ಕೆನಡಾದ ವಿನ್ನಿಪೆಗ್ ಬ್ಲೂ ಬಾಂಬರ್ಸ್ ಸೇರಿದ. ನಾಲ್ಕು ಸೀಸನ್ ಆಡಿದ ಮೇಲೆ ತಂಡದವರು, ನೀನೇ ಕೋಚ್ ಆಗು ಅಂದರು. ಆಗ ವಯಸ್ಸು 29. ನಿನ್ನೆವರೆಗೆ ಜೊತೆಗೆ ಆಡಿದವರಿಗೇ ಇವತ್ತು ಹೇಳಿ ಮಾಡಿಸಬೇಕು. ಟೀಮ್ ಲೀಡ್ ಆದವರಿಗೆ ಆ ಸಂಕಟ ಗೊತ್ತು. ಆದರೂ 1958, 59, 61, 62ರಲ್ಲಿ ಗ್ರೇ ಕಪ್ ಗೆಲ್ಲಿಸಿದ. 1962ರ ಫೈನಲ್ ಮಂಜು ಮುಸುಕಿ ನಿಂತು, ಮರುದಿನ ಮುಗಿಯಿತು.

1967ರಲ್ಲಿ ಮಿನೆಸೋಟ ವೈಕಿಂಗ್ಸ್‌ಗೆ ಕೋಚ್ ಆಗಿ ವಾಪಸ್ ಬಂದ. ಕೊರೆಯುವ ಚಳಿಯಲ್ಲೂ ತನ್ನ ಆಟಗಾರರ ಪಕ್ಕ ಹೀಟರ್ ಇಡಲು ಬಿಡಲಿಲ್ಲ. ನಾಲ್ಕು ಸಲ ತಂಡವನ್ನು ಸೂಪರ್ ಬೌಲ್ ಫೈನಲ್‌ಗೆ ಒಯ್ದ, ನಾಲ್ಕೂ ಸೋತ. ಆದರೂ ಕೆನಡಾ, ಅಮೆರಿಕ ಎರಡೂ ದೇಶಗಳ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಹೆಸರಿದೆ. 2023ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಎನ್‌ಎಫ್‌ಎಲ್ ಆಟಗಾರರಿಗೆ ತಂಡ ಬದಲಿಸುವ ನಿಜವಾದ ಸ್ವಾತಂತ್ರ್ಯ ಸಿಕ್ಕಿದ್ದು 1993ರಲ್ಲಿ, ಗ್ರಾಂಟ್ ಬಾಗಿಲು ದಾಟಿ ನಲವತ್ತು ವರ್ಷಗಳಾದ ಮೇಲೆ.

ನನ್ನ 90ನೇ ದಿನ ಸಂಜೆ, ಬಾಕಿ ಇದ್ದ ಕೊನೆಯ ಬಗ್ ಸರಿಪಡಿಸಿ, ಲ್ಯಾಪ್‌ಟಾಪ್ ಒಪ್ಪಿಸಿ ಹೊರಗೆ ಬಂದೆ. ಅಪ್ಪನಿಗೆ ಫೋನ್ ಮಾಡಿದೆ. “ಹೇಳಿ ಬಂದ್ಯಾ ಎಲ್ರಿಗೂ?” ಅಂದ್ರು. ಹೇಳಿ ಬಂದಿದ್ದೆ.