ಕೊಲೆಯ ಋಣ ಮತ್ತು ನಂದಾದೀಪ

ಚೋಳರ ಕಾಲದ ತಮಿಳು ಶಾಸನಗಳಲ್ಲಿ ನಂದಾದೀಪದ ದತ್ತಿಗಳು ಹೇರಳವಾಗಿವೆ. ಹೆಚ್ಚಿನವು ಭಕ್ತಿಯಿಂದ ಬಿಟ್ಟವು. ಕೆಲವು ಮಾತ್ರ ಒಂದು ಸಾವಿಗಾಗಿ ತೆತ್ತವು. ಅಪರಾಧಿಯನ್ನು ದಂಡಿಸುವುದಕ್ಕೆ ಬದಲಾಗಿ, ಆದ ಹಾನಿಯನ್ನು ಅವನಿಂದಲೇ ತುಂಬಿಸುವ ನ್ಯಾಯವನ್ನು ಕುರಿತು ಆಲೋಚಿಸುವವರಿಗೆ ಇವು ವಿಚಾರಾರ್ಹವಾಗಿವೆ.

ಬೇಟೆಯಲ್ಲಿ ಮೃಗವೆಂದು ಭ್ರಮಿಸಿ ಮನುಷ್ಯನನ್ನು ಕೊಂದವನ ವಿಷಯದಲ್ಲಿ ನಾಡಿನವರು ಕೂಡಿ ವಿಚಾರಿಸಿ, ಅಜಾಗರೂಕತೆಯ ಕೊಲೆಗೆ ಇವನು ಸಾಯಬೇಕಾದುದಿಲ್ಲ, ದೇವಾಲಯದಲ್ಲಿ ದೀಪವನ್ನು ಉರಿಸತಕ್ಕದ್ದು ಎಂದು ತೀರ್ಮಾನಿಸಿದುದುಂಟು. ಇನ್ನೊಂದು ಪ್ರಕರಣ ಇದಕ್ಕಿಂತ ಕಠೋರವಾದುದು. ತೆರಿಗೆ ತನಗೆ ಸಲ್ಲದೆಂದ ಹೆಂಗಸೊಬ್ಬಳನ್ನು ಗ್ರಾಮಾಧಿಕಾರಿ ದಿವ್ಯಪರೀಕ್ಷೆಗೆ ಗುರಿಪಡಿಸಿದಂತೆ ಕಾಣುತ್ತದೆ. ಆಕೆ ವಿಷ ಕುಡಿದು ಸತ್ತಳು. ನಾಲ್ಕು ದಿಕ್ಕುಗಳ, ಹದಿನೆಂಟು ನಾಡುಗಳ ಜನ ಸಭೆ ಸೇರಿ ಅಧಿಕಾರಿಯೇ ಹೊಣೆಯೆಂದರು. ಅವನು ದೀಪಕ್ಕೆ 32 ಕಾಸು ತೆತ್ತನು. ಅಧಿಕಾರಿಯೆಂಬ ದಾಕ್ಷಿಣ್ಯಕ್ಕೆ ಸಭೆ ಒಳಗಾಗಲಿಲ್ಲವೆಂಬುದನ್ನು ಮೆಚ್ಚಲೇಬೇಕು.

ದೀಪವೆಂದರೆ ಒಂದು ದಿನದ ತುಪ್ಪವಲ್ಲ. ತಂಜಾವೂರಿನಲ್ಲಿ ಒಂದನೆಯ ರಾಜರಾಜನ (985-1014) ಶಾಸನಗಳಂತೆ ಒಂದು ದೀಪಕ್ಕೆ 96 ಕುರಿ, ಇಲ್ಲವೆ 48 ಹಸು, ಇಲ್ಲವೆ 16 ಎಮ್ಮೆ; ಅವನ್ನು ವಹಿಸಿಕೊಂಡವನು ದಿನವೂ ಒಂದು ಉಳಕ್ಕು ತುಪ್ಪವನ್ನು ಅಳೆಯಬೇಕು. ಇಂತಹ ದತ್ತಿಯ ಕುರಿಗಳಿಗೆ 'ಸಾಯದ, ಮುಪ್ಪಾಗದ' ಕುರಿಗಳೆಂದೇ ಹೆಸರು. ಸತ್ತುದರ ಸ್ಥಾನಕ್ಕೆ ಮರಿ ಬರುವುದರಿಂದ ಅಸಲು ಕರಗದು. ಬ್ಯಾಂಕಿನ ಮೇಜಿನ ಮುಂದೆ ಇಪ್ಪತ್ತು ವರ್ಷ ಕುಳಿತ ನಾನು ಇದಕ್ಕಿಂತ ಭದ್ರವಾದ ಠೇವಣಿಯನ್ನು ಕಂಡಿಲ್ಲ.

ಆದರೆ ಋಣಿಯಿದ್ದಲ್ಲಿ ಧನಿಯೂ ಇರಬೇಕಷ್ಟೆ. ಹಣ ಸಂದದ್ದು ದೇವಾಲಯಕ್ಕೆ, ಸತ್ತವಳ ಮನೆಯವರಿಗಲ್ಲ. ಈ ತೊಡಕು ಹಳೆಯದು. ಕ್ಷತ್ರಿಯನನ್ನು ಕೊಂದವನು 1,000, ವೈಶ್ಯನನ್ನು ಕೊಂದವನು 100, ಶೂದ್ರನನ್ನು ಕೊಂದವನು 10 ಹಸುಗಳನ್ನು ವೈರವನ್ನು ನೀಗುವುದಕ್ಕಾಗಿ ಕೊಡಬೇಕೆಂದು ಆಪಸ್ತಂಬ ಧರ್ಮಸೂತ್ರ ವಿಧಿಸುತ್ತದೆ. ಪ್ರಾಣಕ್ಕೆ ವರ್ಣದ ಬೆಲೆ ಕಟ್ಟಿದುದು ಹೇಯವೇ ಸರಿ. ಆದರೂ ವೈರವೆಂದ ಮೇಲೆ ಮೃತನ ಬಂಧುಗಳು ಎದುರಿಗೆ ನಿಂತೇ ಇದ್ದಾರೆ. ಬೌಧಾಯನನಾದರೋ ಹಸುಗಳನ್ನು ರಾಜನಿಗೆ ಕೊಡಿಸುತ್ತಾನೆ!

ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಬರುವ ನೆತ್ತರುಗೊಡಗೆಯನ್ನು ಇಲ್ಲಿ ನೆನೆಯಬಹುದು. ಅದು ಅಪರಾಧದ ಪರಿಹಾರವಲ್ಲ. ತುರುಗಾಳಗದಲ್ಲಿಯೋ ಊರ ರಕ್ಷಣೆಯಲ್ಲಿಯೋ ಮಡಿದವನ ಮನೆಯವರಿಗೆ ಬಿಟ್ಟ ಭೂಮಿ. ಅಲ್ಲಿ ಮಕ್ಕಳ ಕೈಗೆ ಹೊಲ ಬಂದಿತು. ಆದರೆ ಅದನ್ನು ಕೊಟ್ಟವನು ಕೊಂದವನಲ್ಲ. 2024ರವರೆಗೆ ಜಾರಿಯಲ್ಲಿದ್ದ ನಮ್ಮ ದಂಡ ಪ್ರಕ್ರಿಯಾ ಸಂಹಿತೆಗೆ 2008ರ ತಿದ್ದುಪಡಿಯಿಂದ ಸೇರಿದ ಸಂತ್ರಸ್ತರ ಪರಿಹಾರದ ಯೋಜನೆಯೂ ಈ ಬಗೆಯದೇ. ಅದರಲ್ಲಿ ಹಣ ಬರುವುದು ಸರ್ಕಾರದ ಬೊಕ್ಕಸದಿಂದ.